ಪೆಲೆಟ್ ಗ್ರಿಲ್ ಹಚ್ಚುವ ಮುನ್ನ: ಮೊದಲು ಕರೆಂಟು, ಆಮೇಲೆ ಉರುವಲು, ಕೊನೆಗೆ ಮಸಾಲೆ

ಮಾಂಸ, ತರಕಾರಿಗಳನ್ನು ಸೌದೆಯ ಹೊಗೆ, ಶಾಖದಲ್ಲಿ ಬೇಯಿಸುವ ಒಲೆಯೇ ಪೆಲೆಟ್ ಗ್ರಿಲ್. ಇದು ಸೌದೆಯಿಂದ ಉರಿಯುತ್ತದೆ, ಆದರೆ ಕರೆಂಟಿಲ್ಲದೆ ಒಂದು ನಿಮಿಷವೂ ನಡೆಯುವುದಿಲ್ಲ. ಹೊಸದಾಗಿ ಕೊಂಡವರು ಎಡವುವುದು ಹೆಚ್ಚಾಗಿ ಇಲ್ಲೇ. ಮರದ ಪುಡಿಯನ್ನು ಒತ್ತಿ ಮಾಡಿದ, ಸುಮಾರು 6 ಮಿ.ಮೀ. ದಪ್ಪದ ತುಂಡುಗಳೇ ಪೆಲೆಟ್. ಇವು ಪಕ್ಕದ ಹಾಪರ್ ಪೆಟ್ಟಿಗೆಯಲ್ಲಿರುತ್ತವೆ. ತಳದಲ್ಲಿ ಆಗರ್ ಎಂಬ ತಿರುಪು ನಿಧಾನವಾಗಿ ಸುತ್ತಿ ಅವನ್ನು ಫೈರ್‌ಪಾಟ್ ಎಂಬ ಪುಟ್ಟ ಉಕ್ಕಿನ ಬಟ್ಟಲಿಗೆ ತಳ್ಳುತ್ತದೆ. ಅಲ್ಲಿ ಹಾಟ್‌ರಾಡ್ ಕೆಂಪಗೆ ಕಾದು ಕಿಡಿ ಹಚ್ಚುತ್ತದೆ, ಫ್ಯಾನ್ ಗಾಳಿ ಊದುತ್ತದೆ. ಬೆಂಕಿಯ ಮೇಲೆ ದಪ್ಪ ತಗಡು, ಅದರ ಮೇಲೆ ಓರೆಯಾದ ಡ್ರಿಪ್ ಟ್ರೇ, ಅದರ ಮೇಲೆ ಜಾಲರಿ. ಒಳಗಿನ ಶಾಖ ನೋಡಿಕೊಂಡು ಎಷ್ಟು ಪೆಲೆಟ್ ಬೀಳಬೇಕೆಂದು ಕಂಟ್ರೋಲರ್ ತೀರ್ಮಾನಿಸುತ್ತದೆ. ಅಮೆರಿಕದ ಆರೆಗಾನ್‌ನಲ್ಲಿ ಜೋ ಟ್ರೇಗರ್ 1980ರ ದಶಕದಲ್ಲಿ ಪೇಟೆಂಟ್ ಪಡೆದ ಈ ಯಂತ್ರದ ಮೂಲ ರಚನೆ ಇವತ್ತಿಗೂ ಹೆಚ್ಚು ಬದಲಾಗಿಲ್ಲ.

ಮೊದಲು ಗ್ರಿಲ್‌ನ ಹಿಂಬದಿಯ ಪ್ಲೇಟ್ ಓದಿ. ಅಮೆರಿಕದಿಂದ ಬಂದ ಗ್ರಿಲ್ ಆದರೆ 120 ವೋಲ್ಟ್, 60 ಹರ್ಟ್ಸ್ ಎಂದಿರುತ್ತದೆ. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಸ್. ನೇರ ಪ್ಲಗ್ ಚುಚ್ಚಿದರೆ ಹಾಟ್‌ರಾಡ್‌ಗೆ ಹೆಚ್ಚುಕಡಿಮೆ ನಾಲ್ಕು ಪಟ್ಟು ಶಕ್ತಿ ಹರಿದು ಅದು ಸುಟ್ಟೇ ಹೋಗುತ್ತದೆ, ಜೊತೆಗೆ ಕಂಟ್ರೋಲರ್ ಕೂಡ. 500 ವಿ.ಎ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಸಾಮಾನ್ಯವಾಗಿ ಸಾಕು. ಆದರೆ ಟ್ರಾನ್ಸ್‌ಫಾರ್ಮರ್ ವೋಲ್ಟ್ ಇಳಿಸುತ್ತದೆಯೇ ಹೊರತು ಹರ್ಟ್ಸ್ ಬದಲಿಸುವುದಿಲ್ಲ. ಎ.ಸಿ. ಮೋಟರ್ ಇರುವ ಹಳೆಯ ಮಾದರಿಗಳಲ್ಲಿ ಆಗರ್ ಮತ್ತು ಫ್ಯಾನ್ ಸ್ವಲ್ಪ ನಿಧಾನವಾಗಿ ತಿರುಗುತ್ತವೆ, ಗರಿಷ್ಠ ಶಾಖ ಮುಟ್ಟುವುದು ತಡವಾಗುತ್ತದೆ. ಡಿ.ಸಿ. ಮೋಟರ್ ಇರುವ ಮಾದರಿಗೆ ಈ ತೊಂದರೆಯಿಲ್ಲ.

ಎರಡನೆಯದು ಇನ್‌ವರ್ಟರ್. ಹಚ್ಚುವಾಗಿನ ಕೆಲವು ನಿಮಿಷ ಸುಮಾರು 300 ವ್ಯಾಟ್ ಎಳೆಯುತ್ತದೆ, ಆಮೇಲೆ 50 ವ್ಯಾಟ್‌ನ ಆಸುಪಾಸು. ಮನೆಯ 900 ವಿ.ಎ. ಇನ್‌ವರ್ಟರ್‌ಗೆ ಇದು ಭಾರವಲ್ಲ. ಹಿಂದೆ ಯು.ಪಿ.ಎಸ್. ಮೋಡ್ ಸ್ವಿಚ್ ಇದ್ದರೆ ಅದನ್ನೇ ಹಾಕಿಡಿ. ಇಲ್ಲದಿದ್ದರೆ ಲೈನ್ ಬದಲಾಗುವ ಆ ಕ್ಷಣದಲ್ಲೇ ಕಂಟ್ರೋಲರ್ ಆಫ್ ಆಗಿಬಿಡಬಹುದು. ಎ.ಸಿ. ಮೋಟರ್‌ಗೆ ಸೈನ್‌ವೇವ್ ಇನ್‌ವರ್ಟರ್ ಒಳ್ಳೆಯದು.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಅಡುಗೆಯ ನಡುವೆ ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ, ಕೆಂಡ ನಿಲ್ಲುವುದಿಲ್ಲ. ಅದು ಆಗರ್ ಕೊಳವೆಯೊಳಗಿನ ಪೆಲೆಟ್‌ಗಳ ಮೂಲಕ ಹಿಂದಕ್ಕೆ ಕಮರುತ್ತಾ ಹಾಪರ್‌ವರೆಗೂ ಬರಬಹುದು. ಹಾಪರ್‌ನಿಂದ ಹೊಗೆ ಕಂಡರೆ ಪ್ಲಗ್ ಕಿತ್ತು, ದಪ್ಪ ಕೈಗವಸು ಹಾಕಿಕೊಂಡು ಪೆಲೆಟ್‌ಗಳನ್ನು ಕಬ್ಬಿಣದ ಬಕೆಟ್ಟಿಗೆ ಖಾಲಿ ಮಾಡಿ, ಮನೆಯಿಂದ ದೂರ ಇಡಿ. ಕರೆಂಟ್ ಬಂದ ಕೂಡಲೇ ಮತ್ತೆ ಸ್ಟಾರ್ಟ್ ಒತ್ತುವುದಂತೂ ಬೇಡವೇ ಬೇಡ. ಫೈರ್‌ಪಾಟ್‌ನಲ್ಲಿ ಅರೆಬೆಂದ ಪೆಲೆಟ್ ರಾಶಿ ಬಿದ್ದಿರುತ್ತದೆ. ಅದರ ಮೇಲೆ ಹೊಸ ಪೆಲೆಟ್ ಬಿದ್ದು ದಟ್ಟ ಹೊಗೆ ತುಂಬಿಕೊಳ್ಳುತ್ತದೆ, ಆ ಹೊಗೆಗೆ ಒಮ್ಮೆಲೇ ಬೆಂಕಿ ಹತ್ತಿದರೆ ಮುಚ್ಚಳ ಎಗರುವಷ್ಟು ಜೋರಾಗಿ ಸಿಡಿಯುತ್ತದೆ. ತಣ್ಣಗಾದ ಮೇಲೆ ಜಾಲರಿ, ಟ್ರೇ, ತಗಡು ತೆಗೆದು ಫೈರ್‌ಪಾಟ್ ಖಾಲಿ ಮಾಡಿಯೇ ಮತ್ತೆ ಹಚ್ಚಿ. ಅಷ್ಟರಲ್ಲಿ ಮಾಂಸ ಕೆಡದಂತೆ ಕುಕ್ಕರಿಗೆ ಹಾಕಿ ನಾಲ್ಕು ಸೀಟಿ ಕೂಗಿಸಿ. ಹೊಗೆ ಆಗಲೇ ಹಿಡಿದಿರುತ್ತದೆ, ಸಾರು ಮಾತ್ರ ಚೆನ್ನಾಗೇ ಆಗುತ್ತದೆ!

ಉರುವಲಿನ ವಿಷಯದಲ್ಲಿ ರಾಜಿ ಬೇಡ. ಬಾಯ್ಲರ್‌ಗೆ, ಹೋಟೆಲ್ ಒಲೆಗೆ ಮಾರುವ ಅಗ್ಗದ ಪೆಲೆಟ್‌ನಲ್ಲಿ ಶೇಂಗಾ ಹೊಟ್ಟು, ಬೆಳೆಯ ತ್ಯಾಜ್ಯ, ಕೆಲವೊಮ್ಮೆ ಪ್ಲೈವುಡ್ ಪುಡಿಯೂ ಇರುತ್ತದೆ. ಹೊಟ್ಟಿಗೆ ಬೂದಿ ಜಾಸ್ತಿ, ಅದು ಫೈರ್‌ಪಾಟ್‌ನಲ್ಲಿ ಗಟ್ಟಿಯಾಗಿ ಗಾಳಿಯ ತೂತು ಮುಚ್ಚುತ್ತದೆ. ಪ್ಲೈವುಡ್ಡಿನ ಅಂಟು ಸುಟ್ಟ ಹೊಗೆ ಹೊಟ್ಟೆಗೆ ಹೋಗಬಾರದು. ಅಡುಗೆಗೆಂದೇ ಮಾಡಿದ, ಗಟ್ಟಿಮರದ ಪೆಲೆಟ್ ಚೀಲವನ್ನೇ ತರಿಸಿ. ಮುರಿದರೆ ಟಕ್ಕೆಂದು ಮುರಿಯಬೇಕು, ಮೈ ಹೊಳೆಯಬೇಕು. ಬೆರಳಲ್ಲಿ ಪುಡಿಯಾದರೆ ತೇವ ಕುಡಿದಿದೆ ಎಂದೇ ಅರ್ಥ. ತೇವದ ಪೆಲೆಟ್ ಆಗರ್ ಒಳಗೆ ಉಬ್ಬಿ ಸಿಮೆಂಟಿನಂತೆ ಕಚ್ಚಿಕೊಳ್ಳುತ್ತದೆ, ಬಿಡಿಸಲು ಮೋಟರ್ ಕಳಚಬೇಕಾಗುತ್ತದೆ. ಮಳೆಗಾಲದಲ್ಲಿ ಹಾಪರ್‌ನಲ್ಲಿ ಬಿಡದೆ ಬಿಗಿ ಮುಚ್ಚಳದ ಡ್ರಮ್ಮಿನಲ್ಲಿಡಿ. ಖರ್ಚು ಹೀಗೆ: 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗೆ ಸುಮಾರು ಅರ್ಧದಿಂದ ಮುಕ್ಕಾಲು ಕಿಲೋ, 200 ದಾಟಿದರೆ ಒಂದು ಕಿಲೋ ಮೇಲೆ.

ಹೊಗೆ ಸಾಲದು ಎನ್ನುವವರಿಗೆ ಚಿತ್ರದುರ್ಗದ ಬಯಲಲ್ಲೇ ಮದ್ದಿದೆ. ಅಮೆರಿಕದವರು ಮೆಸ್ಕೀಟ್ ಎನ್ನುವ ಮರ, ಇಲ್ಲಿ ರಸ್ತೆ ಬದಿ ತುಂಬಿರುವ ಬಳ್ಳಾರಿ ಜಾಲಿಯ ಹತ್ತಿರದ ನೆಂಟ. ಚೆನ್ನಾಗಿ ಒಣಗಿದ ಜಾಲಿಯ ತೊಗಟೆ ತೆಗೆದು, ಹೆಬ್ಬೆರಳ ಗಾತ್ರದ ಚಕ್ಕೆ ಮಾಡಿ, ತೂತು ಕೊರೆದ ಬಣ್ಣವಿಲ್ಲದ ಡಬ್ಬಿಯಲ್ಲಿ ಹಾಕಿ ಜಾಲರಿಯ ಮೇಲೆ, ಫೈರ್‌ಪಾಟ್‌ಗೆ ಸರಿಯಾಗಿ ಮೇಲ್ಭಾಗದಲ್ಲಿ ಇಡಿ. ಹಾಪರ್‌ಗೆ ಮಾತ್ರ ಹಾಕಬೇಡಿ, ಆಗರ್ ಸಿಕ್ಕಿಕೊಳ್ಳುತ್ತದೆ. ಜಾಲಿಯ ಹೊಗೆ ಖಡಕ್, ಒಂದು ಮುಷ್ಟಿ ಸಾಕು. ಬೇವು ಕಹಿ ಬಿಡುತ್ತದೆ, ನೀಲಗಿರಿಯ ಎಣ್ಣೆ ವಾಸನೆ ಮಾಂಸಕ್ಕೆ ಹತ್ತುತ್ತದೆ. ಎರಡೂ ಬೇಡ.

ಗ್ರಿಲ್ ಇಡುವುದು ಬಯಲಲ್ಲೇ ಇರಲಿ, ಗೋಡೆಯಿಂದ ಎರಡು ಮೂರು ಅಡಿ ದೂರ. ಮುಚ್ಚಿದ ವರಾಂಡ, ಶೆಡ್ ಬೇಡ, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನಲ್ಲ. ಆಷಾಢದ ಗಾಳಿಗೆ ಎದುರಾಗಿಟ್ಟರೆ ಶಾಖ ನಿಲ್ಲುವುದಿಲ್ಲ, ಕಡಿಮೆ ಶಾಖದಲ್ಲಿ ಬೆಂಕಿ ಆರಿಯೂ ಹೋಗುತ್ತದೆ. ಅಷ್ಟೇ ದೂರ ಬಿಟ್ಟು ಗೋಡೆಯ ಮರೆಗೆ ಸರಿಸಿ.

ಮೊದಲ ಸಲ ಖಾಲಿಯಾಗಿ ಉರಿಸಬೇಕು. ಹಾಪರ್ ಅರ್ಧ ತುಂಬಿ, ಪೆಲೆಟ್ ಮುಂದಕ್ಕೆ ತಳ್ಳುವ ಪ್ರೈಮ್ ಗುಂಡಿ ಒತ್ತಿ. ಖಾಲಿ ಆಗರ್‌ನಿಂದ ಪೆಲೆಟ್ ಫೈರ್‌ಪಾಟ್‌ಗೆ ಬರಲು ಐದಾರು ನಿಮಿಷ ಹಿಡಿಯಬಹುದು. ಟಿಣ್ ಟಿಣ್ ಎಂದು ಬೀಳುವ ಸದ್ದು ಕೇಳಿದ ಮೇಲೆ ಪ್ರೈಮ್ ನಿಲ್ಲಿಸಿ, ತಗಡು, ಟ್ರೇ, ಜಾಲರಿ ಕೂರಿಸಿ, ಮುಚ್ಚಳ ತೆರೆದಿಡಬೇಕೋ ಮುಚ್ಚಬೇಕೋ ಎಂದು ಕೈಪಿಡಿ ನೋಡಿ ಸ್ಟಾರ್ಟ್ ಮಾಡಿ. ಮೊದಲು ಬಿಳಿ ದಪ್ಪ ಹೊಗೆ, ನಂತರ ಗುಡುಗುಡು ಸದ್ದಿನೊಂದಿಗೆ ತಿಳಿ ನೀಲಿ ಹೊಗೆ. ಆಗ 230 ಡಿಗ್ರಿಗೆ ಏರಿಸಿ 45 ನಿಮಿಷ ಉರಿಸಿದರೆ ಕಾರ್ಖಾನೆಯ ಎಣ್ಣೆಯೆಲ್ಲ ಸುಟ್ಟುಹೋಗುತ್ತದೆ. ಆರಿಸುವಾಗ ಪ್ಲಗ್ ಎಳೆಯದೆ ಶಟ್‌ಡೌನ್ ಒತ್ತಿ, ಫ್ಯಾನ್ ತಾನಾಗಿ ನಿಲ್ಲುವವರೆಗೆ, ಹತ್ತು ಹದಿನೈದು ನಿಮಿಷ, ಬಿಡಿ.

ಮೊದಲ ಅಡುಗೆಗೆ ಕೋಳಿಯೇ ಸರಿ, ಅಂಗಡಿಯಲ್ಲಿ ಚರ್ಮದ ಸಮೇತ ಕೇಳಿ ತನ್ನಿ. 1.2 ಕಿಲೋದ ಕೋಳಿಯ ಬೆನ್ನೆಲುಬು ಕತ್ತರಿಸಿ ಅಗಲಿಸಿ, ಉಪ್ಪು, ಮೆಣಸಿನ ಪುಡಿ, ಬೆಳ್ಳುಳ್ಳಿ ಸವರಿ 180 ಡಿಗ್ರಿಯಲ್ಲಿ 50ರಿಂದ 60 ನಿಮಿಷ. ಥರ್ಮಾಮೀಟರ್ ಚುಚ್ಚಿದಾಗ ಎದೆ 74, ತೊಡೆ 80 ತೋರಿಸಬೇಕು. 110 ಡಿಗ್ರಿಯಲ್ಲೇ ಬೇಯಿಸಿದರೆ ಚರ್ಮ ರಬ್ಬರ್ ಆಗುತ್ತದೆ. ನಾಟಿಕೋಳಿ ಇಲ್ಲಿ ಒಣಗಿ ನಾರಾಗುತ್ತದೆ, ಅದಕ್ಕೆ 100 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಹೊಗೆ ಕೊಟ್ಟು ತಕ್ಷಣ ಸಾರಿಗೆ ಹಾಕಿ.

ಕುರಿಯ ಮುಂಗಾಲು ಭುಜದ ಸಮೇತ, ಒಂದೂವರೆಯಿಂದ ಎರಡು ಕಿಲೋ, ಗ್ರಿಲ್‌ಗೆ ನಿಜವಾದ ಪರೀಕ್ಷೆ. ಕಿಲೋಗೆ 12 ಗ್ರಾಂ ಉಪ್ಪು ಹಿಂದಿನ ರಾತ್ರಿಯೇ ಸವರಿ ಫ್ರಿಜ್ಜಿನಲ್ಲಿಡಿ. ಫ್ರಿಜ್ಜಿನಿಂದ ನೇರ ಜಾಲರಿಗೆ ಹೋಗಲಿ, ತಣ್ಣಗಿನ, ತುಸು ಒದ್ದೆಯಾದ ಮೈಗೆ ಹೊಗೆ ಚೆನ್ನಾಗಿ ಹಿಡಿಯುತ್ತದೆ. ಮೊಸರು ದಪ್ಪಗೆ ಮೆತ್ತಿದರೆ ಮೇಲ್ಪದರ ಗಟ್ಟಿಯಾಗದು. 110 ಡಿಗ್ರಿಯಲ್ಲಿ ಮೂರು ಗಂಟೆ ಮುಚ್ಚಳ ತೆರೆಯದೆ ಬಿಡಿ. ಒಳಗಿನ ಶಾಖ 65-75ರ ನಡುವೆ ಬಂದು ಗಂಟೆಗಟ್ಟಲೆ ನಿಂತುಬಿಡುತ್ತದೆ. ಗ್ರಿಲ್ ಕೆಟ್ಟಿಲ್ಲ, ಮಾಂಸದ ನೀರು ಆವಿಯಾಗಿ ತಂಪು ಮಾಡುತ್ತಿರುತ್ತದೆ. ಆಗ ಬೆಣ್ಣೆ ಸವರಿದ ಬಾಳೆ ಎಲೆಯಲ್ಲಿ, ಅದರ ಮೇಲೆ ಫಾಯಿಲ್‌ನಲ್ಲಿ ಸುತ್ತಿ ಮತ್ತೆ ಇಡಿ. 93-95 ಮುಟ್ಟಿದಾಗ ಮೂಳೆ ಕೈಯಲ್ಲೇ ಬರುತ್ತದೆ. ಒಟ್ಟು ಐದರಿಂದ ಏಳು ಗಂಟೆ, ಆಮೇಲೆ ಅರ್ಧ ಗಂಟೆ ವಿಶ್ರಾಂತಿ.

ದಿನನಿತ್ಯಕ್ಕೆ: ಚುಚ್ಚಿದ ಬದನೆಕಾಯಿ 200 ಡಿಗ್ರಿಯಲ್ಲಿ 40-50 ನಿಮಿಷ, ಗೊಜ್ಜಿಗೆ ಸಿದ್ಧ. ತಟ್ಟೆಯಲ್ಲಿ ಹರಡಿದ ಶೇಂಗಾ 150ರಲ್ಲಿ 25-30 ನಿಮಿಷ, ಎರಡು ಸಲ ಕೈಯಾಡಿಸಿ. ದಾವಣಗೆರೆಯ ಹೊಲದ ಮೆಕ್ಕೆಜೋಳವಾದರೆ ಹಾಲುಗಾಳಿನ ತೆನೆಯೇ ಬೇಕು, ಬಲಿತದ್ದು ಎಷ್ಟು ಹೊತ್ತಾದರೂ ಮೆತ್ತಗಾಗದು. ಬೆಣ್ಣೆ ಸವರಿ 200ರಲ್ಲಿ 25 ನಿಮಿಷ. ದೋಸೆ, ರೊಟ್ಟಿಗೆ ಇದು ಸರಿಯಿಲ್ಲ. ಹೆಚ್ಚಿನ ಮಾದರಿಗಳು 230-260 ಡಿಗ್ರಿಗೇ ನಿಲ್ಲುತ್ತವೆ, ಉರಿಯೂ ನೇರ ತಾಗದು. ಚಾಪ್ಸ್ ಕೆಂಪಗಾಗಬೇಕಿದ್ದರೆ ಬೀಡಿನ ಕಾವಲಿಯನ್ನು ಒಳಗೆ ಅರ್ಧ ಗಂಟೆ ಕಾಯಿಸಿ ಅದರ ಮೇಲೆ ಹಾಕಿ.

ಎರಡು ಮೂರು ಅಡುಗೆಗೊಮ್ಮೆ, ಪೂರ್ತಿ ತಣ್ಣಗಾದ ಮೇಲೆ, ಫೈರ್‌ಪಾಟ್‌ನ ಬೂದಿ ತೆಗೆಯಿರಿ. ಬೆಂಕಿ ಪದೇ ಪದೇ ಆರಿದರೆ ಮೊದಲ ಅನುಮಾನ ಬೂದಿಯ ಮೇಲೇ ಇರಲಿ. ಹಾಪರ್ ತುಂಬಿದ್ದರೂ ಪೆಲೆಟ್ ಬೀಳದಿದ್ದರೆ ನಡುವೆ ಗುಳಿ ಬಿದ್ದಿರುತ್ತದೆ, ಮರದ ಕೋಲಿನಿಂದ ಕೆದಕಿ. ತೋರಿಸುವ ಶಾಖಕ್ಕೂ ನಿಜಕ್ಕೂ ತಾಳೆಯಾಗದಿದ್ದರೆ ಒಳಗಿನ ಸೆನ್ಸರ್ ಕಡ್ಡಿಯ ಮಸಿ ಒರೆಸಿ. ಡ್ರಿಪ್ ಟ್ರೇಯ ಜಿಡ್ಡು ಕೆರೆದು, ಫಾಯಿಲ್ ಬದಲಿಸಿ. ಜಿಡ್ಡಿಗೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ. ಮುಚ್ಚಳ ಮುಚ್ಚಿ, ಸ್ವಿಚ್ ಆರಿಸಿ ಪ್ಲಗ್ ಕಿತ್ತು, ಆರುವವರೆಗೆ ತೆರೆಯಬೇಡಿ.