ಮೂವತ್ತು ಕುಣಿಕೆ ನಲವತ್ತೊಂದಾದ ಕಥೆ

ದಾವಣಗೆರೆಯ ಬಿಸಿಲಿಗೆ ಮಫ್ಲರ್ ಯಾರು ಹಾಕುತ್ತಾರೆ ಎಂದು ಅಮ್ಮ ನಕ್ಕರೂ ಚೌಕಿಪೇಟೆಯಿಂದ ಎರಡು ಉಂಡೆ ಉಲ್ಲನ್ ಮತ್ತು 4 ಮಿಲಿಮೀಟರಿನ ಕಡ್ಡಿ ತಂದೆ. ಮೊದಲ ಸಾಲಿಗೆ 30 ಕುಣಿಕೆ. ಒಂದು ಗೇಣು ಹೆಣೆಯುವಷ್ಟರಲ್ಲಿ ಪಟ್ಟಿ ಬೀಸಣಿಗೆಯಂತೆ ಅಗಲವಾಗಿತ್ತು. ಎಣಿಸಿದರೆ 41! ನಾನು ಒಂದನ್ನೂ ಸೇರಿಸಿರಲಿಲ್ಲ. ಮೂರು ಸಲ ಬಿಚ್ಚಿದೆ, ಮೂರು ಸಲವೂ ಅದೇ ಪಾಡು.

ಕೊನೆಗೆ ದೊಡ್ಡಮ್ಮ ಪಕ್ಕದಲ್ಲಿ ಕುಳಿತು ನನ್ನ ಕೈಯನ್ನೇ ನೋಡಿದರು. "ತಿರುಗಿಸಿದ ಮೇಲೆ ನೂಲನ್ನು ಎಲ್ಲಿಂದ ಎಳೆಯುತ್ತಿದ್ದೀಯಾ, ನೋಡಿಕೊ" ಎಂದರು. ತಪ್ಪು ಅಲ್ಲೇ ಇತ್ತು. ಸಾಲು ಮುಗಿಸಿ ಕಡ್ಡಿ ತಿರುಗಿಸಿದಾಗ ನೂಲು ಮುಂದೆ ನೇತಾಡುತ್ತದೆ. ನಾನು ಅದನ್ನು ಕಡ್ಡಿಯ ಮೇಲಿನಿಂದ ಹಿಂದಕ್ಕೆ ಹಾಕುತ್ತಿದ್ದೆ. ಆಗ ಮೊದಲ ಕುಣಿಕೆಯ ಬುಡ ಮೇಲೆದ್ದು, ಅದರ ಎರಡು ಕಾಲುಗಳೂ ಎರಡು ಕುಣಿಕೆಗಳಂತೆ ಕಾಣುತ್ತವೆ. ನಾನು ಎರಡನ್ನೂ ಹೆಣೆಯುತ್ತಿದ್ದೆ. ನೂಲನ್ನು ಕೆಳಕ್ಕೆ ಜಗ್ಗಿ, ಕಡ್ಡಿಯ ಅಡಿಯಿಂದ ಹಿಂದಕ್ಕೆ ಒಯ್ದರೆ ಒಂದೇ ಕುಣಿಕೆ ಉಳಿಯುತ್ತದೆ. ಇಷ್ಟಕ್ಕೆ ಒಂದು ವಾರ ಹಾಳು!

ನಡುವೆ ಅಲ್ಲಲ್ಲಿ ಬಿದ್ದಿದ್ದ ತೂತುಗಳ ಕಾರಣ ಬೇರೆ. ನೂಲು ಮುಂದೆ ಇರುವಾಗಲೇ ಹೆಣೆದರೆ ಅದು ಕಡ್ಡಿಗೆ ಸುತ್ತಿಕೊಂಡು ಹೊಸ ಕುಣಿಕೆಯಾಗುತ್ತದೆ. ಫೋನ್ ಬಂದಾಗ ಅರ್ಧ ಸಾಲಿಗೆ ಎದ್ದು ಹೋಗುತ್ತಿದ್ದುದರ ಫಲ ಅದು. ಈಗ ಸಾಲು ಮುಗಿಸಿಯೇ ಏಳುತ್ತೇನೆ, ಪ್ರತಿ ಹತ್ತನೆಯ ಸಾಲಿಗೆ ಒಂದು ಪಿನ್ನು ಸಿಕ್ಕಿಸಿ ಎಣಿಸುತ್ತೇನೆ.

ಬಿಚ್ಚಿದ ನೂಲು ಶಾವಿಗೆಯಂತೆ ಸುರುಳಿಯಾಗಿತ್ತು. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ನೆರಳಿನಲ್ಲಿ ನೇತುಹಾಕಿದೆ. ನಾಲ್ಕನೆಯ ಪಟ್ಟಿ ಮೊಳದುದ್ದವಾಗಿದೆ. ನಿನ್ನೆ ರಾತ್ರಿ ಎಣಿಸಿದಾಗ 30.