ಆಕ್ಟೋಪಸ್ ಏನು ತಿಂದಿದೆ? ಬಿಲದ ಮುಂದಿನ ಚಿಪ್ಪುರಾಶಿ ಓದುವ ಬಗೆ

ಆಕ್ಟೋಪಸ್ ಬೇಟೆಯಾಡುವುದನ್ನು ನೋಡಲು ನೀರಲ್ಲಿ ಕಾಯುವುದಕ್ಕಿಂತ ಅದು ಬಿಟ್ಟ ಎಂಜಲನ್ನು ಹುಡುಕುವುದು ಸುಲಭ. ಸಿಕ್ಕಿದ್ದರಲ್ಲಿ ಸಾಕಷ್ಟನ್ನು ಅದು ಬಿಲಕ್ಕೆ ತಂದು ತಿಂದು, ಚಿಪ್ಪನ್ನು ಬಾಗಿಲಾಚೆ ತಳ್ಳುತ್ತದೆ.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದೊಡ್ಡ ಇಳಿತದಲ್ಲಿ ಬಂಡೆಗಳ ಬುಡ ನೋಡಿ. ಬಿರುಕಿನ ಬಾಯಿಗೆ ಅಡ್ಡಲಾಗಿ ಕಲ್ಲು, ಮುಂದೆ ಖಾಲಿ ಚಿಪ್ಪುಗಳಿದ್ದರೆ ಅದೇ ಬಿಲ. ಒಳಗೆ ಕೈ ಹಾಕಬೇಡಿ. ಕೊಕ್ಕಿನ ಕಡಿತ ನೋಯುತ್ತದೆ. ನೀಲಿ ಉಂಗುರದ ಆಕ್ಟೋಪಸ್ ಇರುವ ಕಡಲಲ್ಲಂತೂ ಪ್ರಾಣಕ್ಕೇ ಕುತ್ತು. ಅಡ್ಡಗಲ್ಲನ್ನೂ ಕದಲಿಸಬೇಡಿ. ಒಳಗೆ ಮೊಟ್ಟೆ ಕಾಯುವ ಹೆಣ್ಣಿದ್ದರೆ ಅದು ಸಾಮಾನ್ಯವಾಗಿ ಏನೂ ತಿನ್ನುವುದಿಲ್ಲ, ರಾಶಿ ಹಳೆಯದಾಗಿರುತ್ತದೆ.

ಮೊದಲ ದಿನ ಹಳೆಯ ಚಿಪ್ಪುಗಳನ್ನೆಲ್ಲ ತೆಗೆದು ಜಾಗ ಖಾಲಿ ಮಾಡಿ. ಆಮೇಲೆ ಪ್ರತಿ ಇಳಿತಕ್ಕೆ ಬಿದ್ದದ್ದನ್ನು ಬೇರೆ ಬೇರೆ ಚೀಲಕ್ಕೆ ಹಾಕಿ ದಿನಾಂಕ ಬರೆಯಿರಿ. ಒಳಮೈಯಲ್ಲಿ ಪಾಚಿ ಹಿಡಿದದ್ದು ಲೆಕ್ಕಕ್ಕಿಲ್ಲ.

ಇನ್ನು ಗುರುತುಗಳು. ಕಪ್ಪೆಚಿಪ್ಪು ಸಿಕ್ಕರೆ ಆಕ್ಟೋಪಸ್ ಮೊದಲು ಹೀರುಬಟ್ಟಲುಗಳಿಂದ ಎರಡೂ ಹೋಳನ್ನು ಹಿಡಿದು ಎಳೆಯುತ್ತದೆ. ಹಾಗೆ ತೆರೆದದ್ದರಲ್ಲಿ ಯಾವ ಗಾಯವೂ ಕಾಣದು. ಬಗ್ಗದಿದ್ದರೆ ಕೊಕ್ಕಿನಿಂದ ಅಂಚು ಮುರಿಯುತ್ತದೆ, ಇಲ್ಲವೇ ತೂತು ಕೊರೆದು ವಿಷದ ಜೊಲ್ಲು ಬಿಡುತ್ತದೆ. ಆಗ ಹೋಳುಗಳನ್ನು ಬಿಗಿಹಿಡಿದ ಸ್ನಾಯು ಸಡಿಲವಾಗುತ್ತದೆ. ಕೊರೆಯುವುದಕ್ಕೆ ಹೊತ್ತು ಹಿಡಿಯುವುದರಿಂದ ತೂತು ಬಿದ್ದದ್ದು ದಪ್ಪ ಚಿಪ್ಪಿನ, ಹಟಮಾರಿ ಬೇಟೆ ಎಂದುಕೊಳ್ಳಬಹುದು. ಭೂತಗನ್ನಡಿ ಇಲ್ಲದೆ ಈ ತೂತು ಕಣ್ತಪ್ಪುತ್ತದೆ: ಅಂಕುಡೊಂಕು ಅಥವಾ ಮೊಟ್ಟೆಯಾಕಾರ, ಒಳಕ್ಕೆ ಕಿರಿದಾಗುತ್ತ ಹೋಗಿ ಒಳಬಾಯಿ ಸಾಮಾನ್ಯವಾಗಿ 1 ಮಿ.ಮೀ.ಗಿಂತಲೂ ಸಣ್ಣದು. ಬಟ್ಟಲಿನಂತೆ ಅಂಚು ಇಳಿಜಾರಾದ, ಅಚ್ಚುಕಟ್ಟಾದ ದುಂಡು ತೂತು ಕಂಡರೆ ಅದು ಮಾಂಸಾಹಾರಿ ಬಸವನಹುಳುವಿನ ಕೆಲಸ. ಹೆಚ್ಚಿನವರು ಎಡವುವುದು ಇಲ್ಲೇ.

ಏಡಿಯ ವಿಷಯ ಬೇರೆ. ಜೊಲ್ಲು ಅದನ್ನು ಮರಗಟ್ಟಿಸಿ, ಮಾಂಸವನ್ನು ಕವಚದಿಂದ ಬಿಡಿಸುತ್ತದೆ. ಹಾಗಾಗಿ ಬೆನ್ನಿನ ಚಿಪ್ಪು, ಕಾಲು, ಇಕ್ಕಳದಂಥ ಕೊಂಬು ಒಡೆಯದೆ ಬಿಡಿಬಿಡಿಯಾಗಿ, ಒಳಗೆ ಚೊಕ್ಕಟವಾಗಿ ಸಿಗುತ್ತವೆ. ಕೆಲವೊಮ್ಮೆ ಕಣ್ಣಿನ ಮೂಲಕವೇ ಚುಚ್ಚುವುದರಿಂದ ಕವಚದಲ್ಲಿ ತೂತಿಲ್ಲವೆಂದು ಪಟ್ಟಿಯಿಂದ ಬಿಡಬೇಡಿ. ಕಾಲುಗಳೆಲ್ಲ ಅಂಟಿಕೊಂಡೇ ಇದ್ದು ಹಿಂಬದಿ ಮಾತ್ರ ಬಿರಿದಿದ್ದರೆ ಅದು ಏಡಿ ಕಳಚಿದ ಪೊರೆ.

ಎಣಿಸುವಾಗ ಕಪ್ಪೆಚಿಪ್ಪಿನ ಎಡ, ಬಲ ಹೋಳುಗಳನ್ನು ಬೇರೆ ಮಾಡಿ, ಹೆಚ್ಚಿರುವ ಸಂಖ್ಯೆಯನ್ನು ಹಿಡಿಯಿರಿ. ಏಡಿಗೆ ಬೆನ್ನಿನ ಚಿಪ್ಪನ್ನೇ ಎಣಿಸಿ, ಅಗಲವನ್ನೂ ಅಳೆಯಿರಿ: ಹತ್ತು ಮರಿ ಏಡಿಗಿಂತ ಒಂದು ದೊಡ್ಡ ಚಿಪ್ಪಿನಲ್ಲಿ ಮಾಂಸ ಹೆಚ್ಚಿರಬಹುದು.

ಹೀಗೆ ಬಂದ ಪಟ್ಟಿಯನ್ನು ಪೂರ್ತಿ ನಂಬಬೇಡಿ. ಹಗುರವಾದ ಏಡಿಕವಚ ಅಲೆಗೆ ಕೊಚ್ಚಿಹೋಗುತ್ತದೆ, ಭಾರದ ಚಿಪ್ಪು ಉಳಿಯುತ್ತದೆ. ಖಾಲಿ ಶಂಖಗಳನ್ನು ಮನೆ ಮಾಡಿಕೊಳ್ಳುವ ಏಡಿಗಳು ಹೊತ್ತೊಯ್ಯುತ್ತವೆ. ಮೀನು, ಸಿಗಡಿಯ ಗುರುತು ಉಳಿಯುವುದು ಅಪರೂಪ. ಸಣ್ಣ ಬೇಟೆಯನ್ನು ಆಕ್ಟೋಪಸ್ ದಾರಿಯಲ್ಲೇ ಮುಗಿಸುವುದೂ ಉಂಟು. ಏಡಿಯ ಪಾಲು ರಾಶಿಯಲ್ಲಿ ಕಾಣುವುದಕ್ಕಿಂತ ಹೆಚ್ಚೇ ಇರುವ ಸಾಧ್ಯತೆ ಇದೆ. ಅಲೆ ಜೋರಿದ್ದ ದಿನದ ಚೀಲವನ್ನು ಬೇರೆಯಾಗಿಯೇ ಎಣಿಸಿ.