ಅಜ್ಜಿಯ ‘ಪ’, ಅಮ್ಮನ ‘ಫ’: ತೈವಾನಿನ ಮಕ್ಕಳಿಗೆ ಇಂಗ್ಲಿಷ್ ಪದ ಹತ್ತಿಸಿದ್ದು

ಇಂಗ್ಲಿಷಿನ ಹಳೇ ಕಥೆ ಹೇಳಿ ಪದ ಕಲಿಸುತ್ತೇನೆ ಅಂದಾಗ ತೈವಾನಿನ ಸಿಂಚು ಊರಿನಲ್ಲಿ ಯಾರೂ ನಂಬಲಿಲ್ಲ. ‘ಇತಿಹಾಸ ಪರೀಕ್ಷೆಗೆ ಬರಲ್ಲ’ ಅಂತ ಒಂದು ಕೋಚಿಂಗ್ ಸೆಂಟರಿನವರು ಟೀ ಕುಡಿಸಿ ಕಳಿಸಿದರು. ಭಾರತದವರ ಹತ್ತಿರ ಯಾಕೆ ಇಂಗ್ಲಿಷ್ ಕಲೀಬೇಕು ಅಂತ ಒಬ್ಬ ತಾಯಿ ನನ್ನ ಮುಖಕ್ಕೇ ಕೇಳಿದರು. ಈಗ ಅದೇ ತಾಯಿ ತಂಗಿಯ ಮಗನನ್ನೂ ತಂದು ಸೇರಿಸಿದ್ದಾರೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ಇಲ್ಲಿನ ಹೈಸ್ಕೂಲ್ ಮಕ್ಕಳ ತಲೆನೋವಿಗೆ ‘7000 ಪದ’ ಅಂತ ಹೆಸರು. ಕಾಲೇಜು ಪ್ರವೇಶ ಪರೀಕ್ಷೆಯ ಪದಪಟ್ಟಿ ಅದು; 2022ರಿಂದ ಸುಮಾರು 6,000ಕ್ಕೆ ಇಳಿದಿದ್ದರೂ ಹೆಸರು ಹಾಗೇ ಉಳಿದಿದೆ. ‘ಎ’ಯಿಂದ ಉರು ಹೊಡೆಯೋಕೆ ಶುರು ಮಾಡ್ತಾರೆ. ‘ಸಿ’ಗೆ ಬರುವಷ್ಟರಲ್ಲಿ ‘ಎ’ ಹೋಗಿರುತ್ತದೆ.

ಮೊದಲು ನಾನೂ ಎಲ್ಲರಂತೆ ಪದಗಳ ಲ್ಯಾಟಿನ್ ಬೇರುಗಳನ್ನೇ ಹಿಡಿದೆ. ಚೀನೀ ಲಿಪಿಯಲ್ಲಿ ಎಡಗಡೆ ನೀರಿನ ಮೂರು ಹನಿ ಇದ್ದರೆ ನದಿ, ಸರೋವರ, ಬೆವರು ಹೀಗೆ ಏನೋ ಒಂದು ನೀರಿನ ವಿಷಯ. ಬೇರೂ ಹಾಗೇ ಅಂತ ಹೇಳಿದರೆ ಸಾಕು ಅಂದುಕೊಂಡೆ. 400 ಕಾರ್ಡು, ಕಲರ್ ಪ್ರಿಂಟು, ಲ್ಯಾಮಿನೇಷನ್, ಎಲ್ಲಾ ಸೇರಿ ಸುಮಾರು 8,000 ತೈವಾನ್ ಡಾಲರ್. ನಮ್ಮ ದುಡ್ಡಲ್ಲಿ ಇಪ್ಪತ್ತು ಸಾವಿರದ ಮೇಲೆ. ಗಂಟೆಗೆ 600 ತೈವಾನ್ ಡಾಲರ್ ತಗೊಳ್ಳುವವಳಿಗೆ ಅದು ಸಣ್ಣ ಮೊತ್ತ ಅಲ್ಲ. ಮೂರನೇ ವಾರ ಒಬ್ಬ ಹುಡುಗ ‘ಪೀಡಿಯಾಟ್ರಿಷಿಯನ್’ ಎದುರಿಗೆ ‘ಕಾಲಿನ ಡಾಕ್ಟರ್’ ಅಂತ ಬರೆದ. ಅವನದೇನೂ ತಪ್ಪಿಲ್ಲ. ‘ಪೆಡ್’ ಅಂದರೆ ಪಾದ ಅಂತ ಹೇಳಿಕೊಟ್ಟವಳು ನಾನೇ. ಅವನ ಪದದಲ್ಲಿ ಇರುವುದು ಗ್ರೀಕಿನ ಮಗು, ನಾನು ಹೇಳಿಕೊಟ್ಟದ್ದು ಲ್ಯಾಟಿನ್ ಪಾದ. ಕಾರ್ಡಿನ ಮೇಲೆ ಎರಡೂ ಒಂದೇ ಥರ ಕಾಣುತ್ತವೆ.

ಆಮೇಲೆ 1066ರ ಕಥೆ. ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡಿಗೆ ಬಂದರು, ಹಟ್ಟಿಯಲ್ಲಿದ್ದ ‘ಕೌ’ ತಟ್ಟೆಗೆ ಬರುವಾಗ ‘ಬೀಫ್’ ಆಯಿತು, ‘ಶೀಪ್’ ಹೋಗಿ ‘ಮಟನ್’ ಆಯಿತು. ಮಕ್ಕಳು ಬಿದ್ದು ಬಿದ್ದು ನಕ್ಕರು, ಚೀನೀ ಭಾಷೆಯಲ್ಲಿ ಸುಮ್ನೆ ‘ಹಸು-ಮಾಂಸ’ ಅಂದರೆ ಮುಗೀತು ನೋಡಿ. ವಾರ ಬಿಟ್ಟು ಟೆಸ್ಟ್ ಕೊಟ್ಟೆ. ಕಥೆ ಪೂರ್ತಿ ನೆನಪಿತ್ತು, ಪದಗಳು ಇರಲಿಲ್ಲ.

ದಾರಿ ಸಿಕ್ಕಿದ್ದು ಒಬ್ಬ ಹುಡುಗಿಯ ಮನೆಯ ಊಟದಲ್ಲಿ. ಅನ್ನಕ್ಕೆ ಅಮ್ಮ ಮ್ಯಾಂಡರಿನ್‌ನಲ್ಲಿ ‘ಫಾನ್’ ಅಂದರು. ಪಕ್ಕದಲ್ಲಿದ್ದ ಅಜ್ಜಿ ತೈಗಿಯಲ್ಲಿ, ಅಂದರೆ ಹೊಕ್ಕಿಯನ್ ಅನ್ನೋ ಚೀನೀ ಭಾಷೆಯ ಇಲ್ಲಿನ ರೂಪದಲ್ಲಿ, ಮೂಗಿನಲ್ಲೇ ‘ಪ್ಙ್’ ಅಂದರು. ನಾನು ಚಾಪ್‌ಸ್ಟಿಕ್ ಕೆಳಗಿಟ್ಟೆ. ಕೋಣೆಗೆ ಏನಂತೀರಿ ಅಂತ ಕೇಳಿದೆ. ಅಮ್ಮ ‘ಫಾಂಗ್’, ಅಜ್ಜಿ ‘ಪಾಂಗ್’. ಪಾಲು ಹಾಲಾಗಿ, ಪುಲಿ ಹುಲಿಯಾದದ್ದನ್ನು ಕಂಡ ಕನ್ನಡದವಳಿಗೆ ಇದಕ್ಕಿಂತ ಜಾಸ್ತಿ ಏನು ಬೇಕು?

ಮರುದಿನ ಬೋರ್ಡಿನ ಮೇಲೆ ಎರಡು ಮನೆ ಬರೆದೆ. ಅಮ್ಮನ ಮನೆಯಲ್ಲಿ ಫಾದರ್, ಫುಟ್, ಫಿಶ್, ಫೈವ್, ಫುಲ್. ಅಜ್ಜಿಯ ಮನೆಯಲ್ಲಿ ಪಟರ್ನಲ್, ಪೆಡಲ್, ಪೈಸೀಸ್ (ಮೀನರಾಶಿ), ಪೆಂಟಗನ್, ಪ್ಲೆಂಟಿ. ಇಂಗ್ಲಿಷಿನ ಹಿರೀಕರ ಬಾಯಲ್ಲಿ ‘ಪ’ ಹೋಗಿ ‘ಫ’ ಆಯಿತು. ಲ್ಯಾಟಿನ್, ಗ್ರೀಕು ‘ಪ’ವನ್ನೇ ಇಟ್ಟುಕೊಂಡವು. ಆಮೇಲೆ ಅವೇ ಬೇರುಗಳು ಫ್ರೆಂಚ್, ಲ್ಯಾಟಿನ್ ಮೂಲಕ ಇಂಗ್ಲಿಷಿಗೆ ಎರಡನೇ ಸಲ ಬಂದವು. (ಪಿತೃ, ಪಾದ, ಪಂಚ, ಪೂರ್ಣ ಗೊತ್ತಿರುವ ನಮಗೆ ಈ ಪಾಠ ಪುಕ್ಕಟೆ.) 1822ರಲ್ಲಿ ಜರ್ಮನ್ ಭಾಷಾಪಂಡಿತ ಯಾಕೋಬ್ ಗ್ರಿಮ್ ಈ ನಿಯಮ ಬರೆದಿಟ್ಟ ಅಂತೆಲ್ಲ ಮಕ್ಕಳಿಗೆ ಹೇಳಲಿಲ್ಲ. ಮನೆಗೆ ಹೋಗಿ ಅಜ್ಜಿಯನ್ನು ಕೇಳಿಕೊಂಡು ಬನ್ನಿ ಅಂದೆ, ಅಷ್ಟೇ.

ತಿಂಗಳು ಬಿಟ್ಟು ಕೇಳಿದರೆ ಮೊದಲೆಲ್ಲ ನೂರರಲ್ಲಿ ಮೂವತ್ತು ಪದ ಉಳಿದಿದ್ದರೆ ಹೆಚ್ಚು. ಈಗ ಅರವತ್ತರ ಮೇಲೆ. ಆರು ಮಕ್ಕಳಿದ್ದ ಕ್ಲಾಸು ಹದಿನೇಳಕ್ಕೆ ಬಂದಿದೆ. ಜೋಡಿಗಳನ್ನು ಯಾವ ಕ್ರಮದಲ್ಲಿ ಕೊಡುತ್ತೇನೆ, ಎಷ್ಟನೇ ದಿನ ತಿರುಗಿ ಕೇಳುತ್ತೇನೆ ಅನ್ನೋದನ್ನು ಮಾತ್ರ ಕೇಳಬೇಡಿ, ಅದು ನನ್ನ ಅನ್ನ.

ಎಲ್ಲ ಕಡೆಯೂ ನಡೆಯಿತು ಅಂತಲ್ಲ. ಸಿಂಚುವಿನಲ್ಲಿ ಹಕ್ಕಾ ಅನ್ನೋ ಇನ್ನೊಂದು ಚೀನೀ ಭಾಷೆಯ ಮನೆಗಳು ಜಾಸ್ತಿ. ಒಬ್ಬ ಹಕ್ಕಾ ಹುಡುಗನ ಅಜ್ಜಿ ಹಾರುವುದಕ್ಕೆ ‘ಪಿ’ ಅಂದರು, ಸರಿ ಹೋಯಿತು. ಕೋಣೆಗೆ ‘ಫೋಂಗ್’ ಅಂದುಬಿಟ್ಟರು! ಅವನಿಗೆ ಬೇರೆ ಪಟ್ಟಿ ಮಾಡಲು ಎರಡು ವಾರ ಹಿಡಿಯಿತು. ಇನ್ನೊಬ್ಬಳು ‘ಪೇಪರ್’ ಅನ್ನು ‘ಫೇಫರ್’ ಮಾಡಲು ಹೊರಟಿದ್ದಳು. ಆಮೇಲೆ ಬೇರೆ ಭಾಷೆಯಿಂದ ಬಂದ ನೆಂಟರ ಹೆಸರು ಬದಲಾಗಲ್ಲ ಅಂತ ಕೂರಿಸಿ ಹೇಳಬೇಕಾಯಿತು.

ನಡುವೆ ಒಂದು ದಿನ ಟೀ ಕಥೆ ತೆಗೆದೆ. ತೈಗಿ ಅಜ್ಜಿಯರ ‘ತೇ’ ಡಚ್ಚರ ಹಡಗು ಹತ್ತಿ ಇಂಗ್ಲಿಷಿನ ಟೀ ಆಯಿತು, ಮ್ಯಾಂಡರಿನ್‌ನಲ್ಲಿ ಅದು ‘ಚಾ’. ನಮ್ಮಲ್ಲಿ ಮೈಸೂರಿನವರು ಟೀ, ಧಾರವಾಡದವರು ಚಹಾ ಅಂತಾರೆ ಅಂದೆ. ಪರೀಕ್ಷೆಗೆ ಉಪಯೋಗ ಸೊನ್ನೆ. ಆದರೂ ‘ಪ್ಙ್’ ಅಂದಿದ್ದ ಆ ಅಜ್ಜಿ ಈಗ ಶನಿವಾರ ಬಂದು ಹಿಂದಿನ ಕುರ್ಚಿಯಲ್ಲಿ ಕೂರುತ್ತಾರೆ, ಫೀಸ್ ಇಲ್ಲ.

ಸದ್ಯ ‘ಹ’-‘ಕ’ ಜೋಡಿ ಹಿಡಿದಿದ್ದೇನೆ. ಹಾರ್ಟ್-ಕಾರ್ಡಿಯಾಕ್, ಹಾರ್ನ್-ಕಾರ್ನೆಟ್ ಸಲೀಸಾಗಿ ಹೋದವು. ಹಂಡ್ರೆಡ್-ಸೆಂಚುರಿಗೆ ಬಂದಾಗ ಅದರ ‘ಸ’ ಎಲ್ಲಿಂದ ಬಂತು ಅಂತ ಅಜ್ಜಿಯೇ ಕೇಳಿದರು. ಮುಂದಿನ ಶನಿವಾರ ಹೇಳುತ್ತೇನೆ ಅಂದಿದ್ದೇನೆ.